ಮರಳಿದ ವಾಸನೆ: ಮದ್ದಿನಿಂದಲೋ, ತಾನಾಗಿಯೋ?

ನೆಗಡಿ ಬಂದಾಗ ವಾಸನೆ ತಿಳಿಯದಿರುವುದು ಎಲ್ಲರಿಗೂ ಪರಿಚಿತ ಅನುಭವ. ಮೂಗು ಕಟ್ಟಿರುತ್ತದೆ, ಗಾಳಿ ಮೂಗಿನ ಮೇಲ್ಭಾಗವನ್ನು ತಲುಪುವುದಿಲ್ಲ. ನೆಗಡಿ ಇಳಿದೊಡನೆ ಸಾರಿನ ಘಮ ಮರಳುತ್ತದೆ. ಆದರೆ ಕೆಲವರಲ್ಲಿ ಸೋಂಕು ವಾಸಿಯಾಗಿ, ಮೂಗು ಸಲೀಸಾಗಿ ಉಸಿರಾಡುತ್ತಿದ್ದರೂ ವಾಸನೆ ಮಾತ್ರ ಮರಳುವುದಿಲ್ಲ. ವಾರಗಳು, ಒಮ್ಮೊಮ್ಮೆ ತಿಂಗಳುಗಳು ಕಳೆಯುತ್ತವೆ. ವೈರಾಣು ಸೋಂಕಿನ ನಂತರದ ಈ ಘ್ರಾಣನಷ್ಟ ಹೊಸ ಕಾಯಿಲೆಯೇನಲ್ಲ. ಸಾಮಾನ್ಯ ಶೀತ, ಫ್ಲೂ ಜ್ವರಗಳ ನಂತರ ಇದು ಉಂಟಾಗುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. 2020ರಲ್ಲಿ ಕೋವಿಡ್-19 ಹರಡಿದಾಗ ಅದು ಮನೆಮಾತಾಯಿತು. ಆ ವರ್ಷದ ಜೂನ್ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ವಾಸನೆ ಮತ್ತು ರುಚಿಯ ನಷ್ಟವನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು.

ಕಾಯಿಲೆಯ ಬೆನ್ನಿಗೇ ಮದ್ದುಗಳೂ ಬಂದವು. ಕಿತ್ತಳೆ ಹಣ್ಣನ್ನು ಕೆಂಡದ ಮೇಲೆ ಸುಟ್ಟು ಸಕ್ಕರೆ ಬೆರೆಸಿ ತಿನ್ನುವ ವಿಧಾನ ಅಂತರಜಾಲದಲ್ಲಿ ದೇಶ ದೇಶ ಸುತ್ತಿತು. ಸತುವಿನ ಮಾತ್ರೆ, ಸ್ಟೀರಾಯ್ಡ್ ಸಿಂಪಡಿಕೆ, ಸ್ಟೀರಾಯ್ಡ್ ಮಾತ್ರೆ, ದಿನವೂ ನಾಲ್ಕು ವಾಸನೆಗಳನ್ನು ಮೂಸುವ 'ಘ್ರಾಣ ತರಬೇತಿ', ಹೀಗೆ ಪಟ್ಟಿ ಬೆಳೆಯಿತು. ಇವುಗಳಲ್ಲಿ ಪ್ರತಿಯೊಂದಕ್ಕೂ "ನನಗೆ ಇದರಿಂದಲೇ ಗುಣವಾಯಿತು" ಎನ್ನುವ ಜನ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹಾಗಿದ್ದರೂ ಅವರ ಮಾತನ್ನು ಪುರಾವೆಯಾಗಿ ಒಪ್ಪಲಾಗದು. ಏಕೆ ಎಂಬುದನ್ನು ವಿವರಿಸಿ, ಈ ಚಿಕಿತ್ಸೆಗಳ ಹಿಂದಿರುವ ಪ್ರಯೋಗಗಳನ್ನು ಒರೆಗೆ ಹಚ್ಚುವುದು ಈ ಲೇಖನದ ಉದ್ದೇಶ.

ವಾಸನೆ ತಿಳಿಯದಿರುವುದು ಸಣ್ಣ ತೊಂದರೆ ಎಂದು ನೀವು ಭಾವಿಸಬಹುದು. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ದುರ್ವಾಸನೆಯ ಗಂಧಕಯುಕ್ತ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಘ್ರಾಣಶಕ್ತಿ ಕಳೆದುಕೊಂಡವರಿಗೆ ಆ ಎಚ್ಚರಿಕೆಯೇ ಇಲ್ಲ. ಹಳಸಿದ ಅನ್ನ, ಹೊತ್ತುತ್ತಿರುವ ತಂತಿ ಇವುಗಳ ಸುಳಿವೂ ಸಿಗದು. ನಾವು 'ರುಚಿ' ಎನ್ನುವುದರಲ್ಲಿ ಬಹುಪಾಲು, ಅಗಿಯುವಾಗ ಗಂಟಲಿನ ಹಿಂಭಾಗದಿಂದ ಮೂಗಿಗೆ ಏರುವ ವಾಸನೆಯೇ. ಅದು ಹೋದರೆ ಊಟ ಬರೀ ಉಪ್ಪು, ಹುಳಿ, ಸಿಹಿ, ಕಹಿಗಳಿಗೆ ಇಳಿಯುತ್ತದೆ. ಹಸಿವು ಕುಗ್ಗುತ್ತದೆ, ಮನಸ್ಸು ಕುಸಿಯುತ್ತದೆ. ಇಂಥವರು ಯಾವ ಮದ್ದನ್ನಾದರೂ ನಂಬಲು ಸಿದ್ಧರಿರುತ್ತಾರೆ. ಆದ್ದರಿಂದಲೇ ಮದ್ದು ಹೇಳುವವರ ಹೊಣೆ ದೊಡ್ಡದು.

ಮೂಗಿನೊಳಗೆ ಆಗುವುದೇನು?

ಮೂಗಿನ ಚಾವಣಿಯಲ್ಲಿ ಕೆಲವೇ ಚದರ ಸೆಂಟಿಮೀಟರ್ ವಿಸ್ತಾರದ ಘ್ರಾಣಪೊರೆ ಇದೆ. ಅದರಲ್ಲಿರುವ ನರಕೋಶಗಳ ಎಳೆಗಳು ಜರಡಿಯಂಥ ತೆಳು ಮೂಳೆಯ ರಂಧ್ರಗಳ ಮೂಲಕ ಮೆದುಳಿನ ಘ್ರಾಣಗೆಡ್ಡೆಯನ್ನು ಸೇರುತ್ತವೆ. ಈ ನರಕೋಶಗಳ ತುದಿಯಲ್ಲಿರುವ ಗ್ರಾಹಕ ಪ್ರೋಟೀನುಗಳ ವಂಶವಾಹಿ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. 2004ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಮನುಷ್ಯರಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ.

ನರಕೋಶಗಳ ಸುತ್ತ ಅವುಗಳಿಗೆ ಆಸರೆ ನೀಡುವ ಆಧಾರಕೋಶಗಳಿವೆ. ತಳದಲ್ಲಿ ಕಾಂಡಕೋಶಗಳಿವೆ. ಹಳೆಯ ನರಕೋಶ ಸತ್ತರೆ ಕಾಂಡಕೋಶಗಳು ಹೊಸದನ್ನು ಹುಟ್ಟಿಸುತ್ತವೆ. ವಯಸ್ಕರ ದೇಹದಲ್ಲಿ ನರಕೋಶಗಳು ಹೀಗೆ ಮರುಹುಟ್ಟು ಪಡೆಯುವ ಜಾಗಗಳು ಬಹಳ ವಿರಳ. ಕೋವಿಡ್ ವೈರಾಣು ಕೋಶದೊಳಗೆ ನುಗ್ಗಲು ಬಳಸುವ ಎಸಿಇ-2 ಪ್ರೋಟೀನು ಘ್ರಾಣ ನರಕೋಶಗಳಲ್ಲಿ ಅಲ್ಲ, ಆಧಾರಕೋಶಗಳಲ್ಲಿ ಹೆಚ್ಚಾಗಿದೆ ಎಂದು ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂದೀಪ್ ರಾಬರ್ಟ್ ದತ್ತಾ ಅವರ ತಂಡ 2020ರಲ್ಲಿ ತೋರಿಸಿತು. ತೋಟದ ಬಳ್ಳಿಗೆ ಪೆಟ್ಟಾಗದಿದ್ದರೂ ಚಪ್ಪರ ಕುಸಿದರೆ ಬಳ್ಳಿ ಬಾಡುತ್ತದಲ್ಲವೆ? ಇಲ್ಲಿಯೂ ಹಾಗೆಯೇ. ಚಪ್ಪರ ಬೇಗ ಸರಿಹೋದರೆ ವಾಸನೆ ಬೇಗ ಮರಳುತ್ತದೆ. ನರಕೋಶಗಳೂ ನಾಶವಾಗಿದ್ದರೆ ಹೊಸವು ಹುಟ್ಟಿ, ಎಳೆ ಚಾಚಿ, ಘ್ರಾಣಗೆಡ್ಡೆಯಲ್ಲಿ ಸರಿಯಾದ ನೆಲೆಯನ್ನು ಸೇರಬೇಕು. ಇದಕ್ಕೆ ತಿಂಗಳುಗಳು ಬೇಕು. ಈ ಅವಧಿಯಲ್ಲಿ ಕೆಲವರಿಗೆ ಕಾಫಿಯೂ ಕೊಳೆತ ವಸ್ತುವಿನಂತೆ ನಾರುವುದುಂಟು.

ಇಲ್ಲಿ ನಾವು ನೆನಪಿಡಬೇಕಾದ ಅಂಶ ಒಂದೇ: ದುರಸ್ತಿಯ ಕೆಲಸವನ್ನು ದೇಹ ತಾನೇ ಮಾಡಿಕೊಳ್ಳುತ್ತದೆ.

ತಾನಾಗಿ ಗುಣವಾಗುವವರು ಎಷ್ಟು?

ಕೋವಿಡ್ ನಂತರ ವಾಸನೆ ಕಳೆದುಕೊಂಡವರ ಬಗೆಗಿನ 18 ಅಧ್ಯಯನಗಳನ್ನು, ಒಟ್ಟು 3,699 ರೋಗಿಗಳ ಮಾಹಿತಿಯನ್ನು, ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 30 ದಿನಗಳಲ್ಲಿ ಸುಮಾರು 74%, 90 ದಿನಗಳಲ್ಲಿ 90%, 180 ದಿನಗಳಲ್ಲಿ ಸುಮಾರು 96% ಜನರಲ್ಲಿ ವಾಸನೆ ಮರಳುತ್ತದೆ.

ಇದಕ್ಕೆ ವಿರುದ್ಧವೆಂಬಂತೆ ಕಾಣುವ ಇನ್ನೊಂದು ಅಂಕಿಯೂ ಇದೆ. ಜರ್ಮನಿಯ ಡ್ರೆಸ್ಡೆನ್ನಿನ ಸಂಶೋಧಕರು ಶ್ವಾಸನಾಳದ ಮೇಲ್ಭಾಗದ ಸೋಂಕಿನ ನಂತರ ಘ್ರಾಣನಷ್ಟವಾಗಿದ್ದ 262 ಜನರನ್ನು ಸರಾಸರಿ ಒಂದು ವರ್ಷಕ್ಕೂ ಮಿಗಿಲಾಗಿ ಗಮನಿಸಿ 2006ರಲ್ಲಿ ವರದಿ ಮಾಡಿದಾಗ, ಸುಧಾರಿಸಿದವರು 32% ಮಾತ್ರ. ಎರಡರಲ್ಲಿ ಯಾವುದು ಸರಿ? ಎರಡೂ ಸರಿ. ಛೇದದಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿ. ಮೊದಲನೆಯದರಲ್ಲಿ ಸೋಂಕು ತಗಲಿದ ದಿನದಿಂದ ಎಣಿಕೆ. ಎರಡನೆಯದರಲ್ಲಿ, ಬೇಗ ಗುಣವಾದವರೆಲ್ಲ ಆಸ್ಪತ್ರೆಯ ಬಾಗಿಲಿಗೇ ಬಾರದೆ, ಉಳಿದವರು ಮಾತ್ರ ತಜ್ಞರ ಬಳಿ ಬಂದ ಮೇಲಿನ ಎಣಿಕೆ. ಕೋವಿಡ್ ಮತ್ತು ಇತರ ವೈರಾಣುಗಳ ನಡುವೆ ವ್ಯತ್ಯಾಸ ಇರಬಹುದಾದರೂ ಈ ಎರಡು ಗುಂಪುಗಳ ಆಯ್ಕೆಯಲ್ಲಿರುವ ವ್ಯತ್ಯಾಸ ಅದಕ್ಕಿಂತ ಮುಖ್ಯ.

ಈಗ ಸುಟ್ಟ ಕಿತ್ತಳೆಯನ್ನು ನೆನಪಿಸಿಕೊಳ್ಳಿ. ಸೋಂಕು ತಗಲಿದ ಎರಡನೆಯ ವಾರ ನೂರು ಜನ ಅದನ್ನು ತಿಂದರೆನ್ನಿ. ತಿಂಗಳು ತುಂಬುವಷ್ಟರಲ್ಲಿ ಅವರಲ್ಲಿ ಬಹುಮಂದಿಗೆ ವಾಸನೆ ಮರಳಿರುತ್ತದೆ. ಕಿತ್ತಳೆ ತಿನ್ನದಿದ್ದರೂ ಮರಳುತ್ತಿತ್ತು. ಕೋಳಿ ಕೂಗಿದ ಮೇಲೆ ಬೆಳಗಾಗುವುದು ನಿಜ. ಕೂಗಿದ್ದರಿಂದಲೇ ಬೆಳಗಾಯಿತೆ ಎಂದು ತಿಳಿಯಬೇಕಾದರೆ ಕೋಳಿ ಇಲ್ಲದ ಊರನ್ನೂ ನೋಡಬೇಕು. ವಿಜ್ಞಾನದಲ್ಲಿ ಆ ಊರಿನ ಹೆಸರು 'ನಿಯಂತ್ರಣ ಗುಂಪು'.

ಸತುವಿನ ಪಾಠ

ಈ ಪಾಠವನ್ನು ಅಮೆರಿಕದ ವೈದ್ಯ ರಾಬರ್ಟ್ ಹೆನ್ಕಿನ್ ಅವರ ಕೆಲಸ ಚೆನ್ನಾಗಿ ಕಲಿಸುತ್ತದೆ. ಸತುವಿನ ಸಲ್ಫೇಟ್ ಕೊಟ್ಟರೆ ಕುಂದಿದ ರುಚಿಶಕ್ತಿ ಸುಧಾರಿಸುತ್ತದೆ ಎಂದು 1970ರ ದಶಕದ ಆರಂಭದಲ್ಲಿ ಅವರ ತಂಡಕ್ಕೆ ಆಶಾದಾಯಕ ಫಲಿತಾಂಶ ದೊರೆತಿತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಬೇರೆ ಕಾರಣಗಳಿಂದ ರುಚಿ, ವಾಸನೆ ಕುಂದಿದ್ದ 106 ಜನರ ಮೇಲೆ, ಯಾರಿಗೆ ಸತು, ಯಾರಿಗೆ ಹುಸಿಮದ್ದು ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಪ್ರಯೋಗ ನಡೆಸಿ 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ಸತು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ತನ್ನ ಊಹೆಯನ್ನೇ ಕಟ್ಟುನಿಟ್ಟಾದ ಪರೀಕ್ಷೆಗೆ ಒಡ್ಡಿ, ಸೋತ ಫಲಿತಾಂಶವನ್ನೂ ಮುಚ್ಚಿಡದೆ ಹೇಳುವುದು ವೈಜ್ಞಾನಿಕ ಪ್ರಾಮಾಣಿಕತೆ. ವಿಪರ್ಯಾಸವೆಂದರೆ, ಅರ್ಧ ಶತಮಾನ ಕಳೆದರೂ ವಾಸನೆ ಹೋದವರ ಕೈಗೆ ಸತುವಿನ ಮಾತ್ರೆ ಬರುವುದು ನಿಂತಿಲ್ಲ.

ಮೂಗಿಗೆ ನೇರವಾಗಿ ಸತು ಹಾಕುವುದಂತೂ ಅಪಾಯ. ಪೋಲಿಯೋ ವೈರಾಣು ಘ್ರಾಣನರದ ಮೂಲಕ ದೇಹ ಸೇರುತ್ತದೆಂದು ನಂಬಿದ್ದ ಕಾಲದಲ್ಲಿ, 1937ರಲ್ಲಿ, ಕೆನಡಾದ ಟೊರಾಂಟೊ ನಗರದ ಸುಮಾರು 5 ಸಾವಿರ ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ಸಿಂಪಡಿಸಲಾಯಿತು. ಪೋಲಿಯೋ ತಡೆಯಲಾಗಲಿಲ್ಲ, ಕೆಲವು ಮಕ್ಕಳ ಘ್ರಾಣಶಕ್ತಿಯೇ ಹೋಯಿತು. ಮತ್ತೆ 2009ರಲ್ಲಿ, ಮೂಗಿಗೆ ಹಚ್ಚುವ ಸತುವಿನ ನೆಗಡಿ ಔಷಧಿಗಳಿಂದ ವಾಸನೆ ಹೋದ 130ಕ್ಕೂ ಹೆಚ್ಚು ದೂರುಗಳು ಬಂದ ಮೇಲೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅವುಗಳನ್ನು ಬಳಸಬಾರದೆಂದು ಎಚ್ಚರಿಸಿತು.

ಘ್ರಾಣ ತರಬೇತಿ: ಒರೆಗೆ ಹಚ್ಚಿದಾಗ

ಇಂದು ತಜ್ಞರು ಹೆಚ್ಚಾಗಿ ಸೂಚಿಸುವುದು ಘ್ರಾಣ ತರಬೇತಿಯನ್ನು. ಇದರ ಮೂಲ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಬಾರಿ, 12 ವಾರ ಮೂಸುವುದು ಕ್ರಮ. 40 ಜನ ತರಬೇತಿ ಪಡೆದರು, 16 ಜನ ಪಡೆಯಲಿಲ್ಲ. ತರಬೇತಿ ಪಡೆದವರ ಘ್ರಾಣಾಂಕ ಏರಿತು, ಉಳಿದವರದು ಇದ್ದಂತೆಯೇ ಇತ್ತು.

ಕೇಳಲು ಚೆನ್ನಾಗಿದೆ. ಆದರೆ ಇಲ್ಲಿ ಎರಡು ಪ್ರಶ್ನೆ ಕೇಳಬೇಕು. ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿರಲಿಲ್ಲ. ಹಾಗಾದರೆ ಗುಂಪುಗಳು ಮೊದಲೇ ಸಮನಾಗಿದ್ದವೆಂದು ಹೇಗೆ ನಂಬುವುದು? ತರಬೇತಿ ಪಡೆಯದವರು ಏನನ್ನೂ ಮೂಸಲಿಲ್ಲ; ಹಾಗಾದರೆ ನಿರೀಕ್ಷೆಯ ಪರಿಣಾಮವನ್ನು ಹೇಗೆ ಕಳೆಯುವುದು? ದಿನವೂ ಮೂಸುವವನು ಪರೀಕ್ಷೆಯ ದಿನ ಹೆಚ್ಚು ಗಮನವಿಟ್ಟು ಮೂಸುತ್ತಾನೆ. ಅಂಕ ಏರಲು ಅಷ್ಟೂ ಸಾಕಾಗಬಹುದು.

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಡಾಮ್ ಮತ್ತು ಸಂಗಡಿಗರ ಆ ತಂಡದಲ್ಲಿ ಹುಮ್ಮೆಲ್ ಅವರೂ ಇದ್ದರು. ಸೋಂಕಿನ ನಂತರ ಘ್ರಾಣನಷ್ಟವಾಗಿದ್ದ 144 ಜನರನ್ನು ಯಾದೃಚ್ಛಿಕವಾಗಿ ಹಂಚಿ, ಒಂದು ಗುಂಪಿಗೆ ಪ್ರಬಲ ವಾಸನೆಗಳನ್ನೂ ಇನ್ನೊಂದಕ್ಕೆ ಅದೇ ವಾಸನೆಗಳನ್ನು ಬಹಳ ದುರ್ಬಲ ಪ್ರಮಾಣದಲ್ಲಿಯೂ ಕೊಟ್ಟರು. ದುರ್ಬಲ ವಾಸನೆ ಇಲ್ಲಿ ಹುಸಿಮದ್ದಿನ ಪಾತ್ರ ವಹಿಸುತ್ತದೆ. 18 ವಾರಗಳ ನಂತರ ಪ್ರಬಲ ಗುಂಪಿನ 70 ಜನರಲ್ಲಿ 18 ಜನ (26%), ದುರ್ಬಲ ಗುಂಪಿನ 74 ಜನರಲ್ಲಿ 11 ಜನ (15%) ಸುಧಾರಿಸಿದ್ದರು.

ಅಂತರ ಇದೆ. ಆದರೆ ಎಷ್ಟು ನೆಚ್ಚಬಹುದು? ಎರಡು ಶೇಕಡಾವಾರುಗಳ ವ್ಯತ್ಯಾಸವನ್ನು ಅಳೆಯುವ ಸಾಮಾನ್ಯ ಸಂಖ್ಯಾಶಾಸ್ತ್ರೀಯ ಪರೀಕ್ಷೆಯನ್ನು ನೀವೇ ಮಾಡಿ ನೋಡಬಹುದು. ಪ್ರಾಬಲ್ಯದಿಂದ ಏನೂ ವ್ಯತ್ಯಾಸವಾಗದಿದ್ದರೂ ಇಷ್ಟು ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಕಾಣಿಸುವ ಸಂಭವನೀಯತೆ ಹತ್ತರಲ್ಲಿ ಒಂದರ ಆಸುಪಾಸು ಬರುತ್ತದೆ. ವಾಡಿಕೆಯ ಮಿತಿ ಇಪ್ಪತ್ತರಲ್ಲಿ ಒಂದು. ಎಂದರೆ ಮುಖ್ಯ ಹೋಲಿಕೆಯಲ್ಲಿ ತರಬೇತಿ ಆ ಗೆರೆಯನ್ನು ದಾಟಲಿಲ್ಲ.

ಮತ್ತೆ "ತರಬೇತಿ ಫಲಕಾರಿ" ಎಂಬ ಮಾತು ಎಲ್ಲಿಂದ ಬಂತು? ತೊಂದರೆ ಶುರುವಾಗಿ 12 ತಿಂಗಳು ಆಗಿರದವರನ್ನು ಪ್ರತ್ಯೇಕವಾಗಿ ನೋಡಿದಾಗ ಪ್ರಬಲ ಗುಂಪಿನ 24 ಜನರಲ್ಲಿ 15 (63%), ದುರ್ಬಲ ಗುಂಪಿನ 31 ಜನರಲ್ಲಿ 6 (19%) ಸುಧಾರಿಸಿದ್ದರು. ಇದು ಗಮನಾರ್ಹ ಅಂತರ. ಬೇಗ ಆರಂಭಿಸಿದರೆ ಲಾಭ ಎಂಬ ತೀರ್ಮಾನ ಇದರಿಂದ ಬಂತು.

ಈಗ ಒಂದು ಕಳೆಯುವ ಲೆಕ್ಕ ಮಾಡಿ. ಪ್ರಬಲ ಗುಂಪಿನಲ್ಲಿ ಉಳಿದವರು 70 - 24 = 46; ಸುಧಾರಿಸಿದವರು 18 - 15 = 3. ದುರ್ಬಲ ಗುಂಪಿನಲ್ಲಿ ಉಳಿದವರು 74 - 31 = 43; ಸುಧಾರಿಸಿದವರು 11 - 6 = 5. ಹಳೆಯ ರೋಗಿಗಳಲ್ಲಿ ಪ್ರಬಲ ತರಬೇತಿ ಪಡೆದವರು 7%, ದುರ್ಬಲ ತರಬೇತಿ ಪಡೆದವರು 12% ಸುಧಾರಿಸಿದಂತಾಯಿತು. ಸಂಖ್ಯೆಗಳು ಚಿಕ್ಕವಾದ್ದರಿಂದ ತರಬೇತಿ ಹಾನಿ ಮಾಡಿತೆಂದು ಹೇಳಲಾಗದು. ಆದರೆ ವರ್ಷ ಕಳೆದವರಿಗೆ ಪ್ರಬಲ ವಾಸನೆಯ ತರಬೇತಿಯಿಂದ ಹೆಚ್ಚಿನ ಲಾಭವಾದ ಸುಳಿವು ಈ ಅಂಕಿಗಳಲ್ಲಿ ಇಲ್ಲ. ವರ್ಷಗಟ್ಟಲೆ ನರಳುತ್ತಿರುವವರಿಗೆ ಇದನ್ನು ಹೇಳದೆ ಬರೀ 63% ಎಂಬ ಅಂಕಿಯನ್ನು ಮುಂದೊಡ್ಡುವುದು ನ್ಯಾಯವಲ್ಲ.

ಉಪಗುಂಪಿನ ಫಲಿತಾಂಶವನ್ನು ಏಕೆ ಎಚ್ಚರದಿಂದ ನೋಡಬೇಕೆಂಬುದು ಅಧ್ಯಾಪಕರಿಗೆ ಹೊಸತಲ್ಲ. ಹೊಸ ಬೋಧನಾಕ್ರಮದಿಂದ ಇಡೀ ಶಾಲೆಯ ಫಲಿತಾಂಶದಲ್ಲಿ ಸ್ಪಷ್ಟ ಏರಿಕೆ ಕಾಣದಿದ್ದಾಗ, 'ಎ' ವಿಭಾಗ, 'ಬಿ' ವಿಭಾಗ, ಹುಡುಗಿಯರು, ಹಾಸ್ಟೆಲಿನವರು ಎಂದು ಭಾಗಿಸುತ್ತ ಹೋದರೆ ಎಲ್ಲೋ ಒಂದು ಕಡೆ ಏರಿಕೆ ಸಿಕ್ಕೇ ಸಿಗುತ್ತದೆ. ಕಾಯಿಲೆ ಹೊಸದಾಗಿರುವಾಗ ಚಿಕಿತ್ಸೆ ಹೆಚ್ಚು ಫಲಿಸುವುದು ಜೀವವಿಜ್ಞಾನದ ದೃಷ್ಟಿಯಿಂದ ಒಪ್ಪುವ ಮಾತೇ. ಆದರೂ ಅದು ಮುಂದಿನ ಪ್ರಯೋಗದಲ್ಲಿ ಪರೀಕ್ಷಿಸಬೇಕಾದ ಊಹೆಯೇ ಹೊರತು ಮುಗಿದ ತೀರ್ಪಲ್ಲ.

ಸ್ಟೀರಾಯ್ಡ್ ಎಂಬ ಕತ್ತಿ

ಈಜಿಪ್ಟಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೋವಿಡ್ ನಂತರ ವಾಸನೆ ಹೋಗಿದ್ದ 100 ಜನ ಇದ್ದರು. ಎಲ್ಲರಿಗೂ ಘ್ರಾಣ ತರಬೇತಿ, ಅರ್ಧದಷ್ಟು ಜನಕ್ಕೆ ಅದರ ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಸಿಂಪಡಿಕೆ. ಮೂರು ವಾರಗಳಲ್ಲಿ ಸಿಂಪಡಿಕೆ ಪಡೆದವರಲ್ಲಿ 62% ಪೂರ್ಣ ಗುಣ ಹೊಂದಿದರು. ಈ ಒಂದೇ ಅಂಕಿಯನ್ನು ಕೇಳಿದ್ದರೆ ನೀವು ಮೆಚ್ಚುತ್ತಿದ್ದಿರಿ. ಸಿಂಪಡಿಕೆ ಇಲ್ಲದವರಲ್ಲಿಯೂ 52% ಗುಣ ಹೊಂದಿದ್ದರು. ಐವತ್ತು, ಐವತ್ತು ಜನರ ನಡುವೆ ಇಷ್ಟು ಅಂತರ ಆಕಸ್ಮಿಕವಾಗಿಯೂ ಸುಲಭವಾಗಿ ಬರುತ್ತದೆ. ಹೋಲಿಕೆ ಇಲ್ಲದ ಅಂಕಿ ನಮ್ಮನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಸ್ಟೀರಾಯ್ಡ್ ಮಾತ್ರೆಗಳ ವಿಷಯ ಇನ್ನೂ ಗಂಭೀರ. ಕೋವಿಡ್ ನಂತರ ಉಳಿದುಬಿಟ್ಟ ಘ್ರಾಣನಷ್ಟದ ಚಿಕಿತ್ಸೆಗಳನ್ನು 2021ರಲ್ಲಿ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಗೆ ತನ್ನ ಮಾನದಂಡಕ್ಕೆ ಒಗ್ಗಿದ ಒಂದೇ ಒಂದು ಪ್ರಯೋಗ ಸಿಕ್ಕಿತು. ಅದರಲ್ಲಿದ್ದವರು 18 ಜನ. ಕೋಟಿಗಟ್ಟಲೆ ಜನಕ್ಕೆ ತಗಲಿದ ಸೋಂಕಿಗೆ ಹದಿನೆಂಟು ಜನರ ಸಾಕ್ಷ್ಯ! ಮಾತ್ರೆಯ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. 2021ರ ಎರಡನೆಯ ಅಲೆಯಲ್ಲಿ ನಮ್ಮ ದೇಶ ಕಂಡ ಕಪ್ಪು ಶಿಲೀಂಧ್ರ ರೋಗಕ್ಕೆ ಹತೋಟಿ ತಪ್ಪಿದ ಮಧುಮೇಹ ಮತ್ತು ಸ್ಟೀರಾಯ್ಡಿನ ಅತಿಬಳಕೆ ದಾರಿ ಮಾಡಿಕೊಟ್ಟವು. ಆ ವರ್ಷದ ಮೇ ತಿಂಗಳಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ಅಧಿಸೂಚಿತ ರೋಗವೆಂದು ಸಾರಬೇಕಾಯಿತು. ಆದ್ದರಿಂದ ಔಷಧದಂಗಡಿಯಿಂದ ತಾವೇ ಸ್ಟೀರಾಯ್ಡ್ ತಂದು ನುಂಗುವುದು ಸಲ್ಲದು.

ಮೂಸಿದ್ದೋ, ಉರಿದದ್ದೋ?

ಅಳತೆಯಲ್ಲೂ ಒಂದು ತೊಡಕಿದೆ. ಕರ್ಪೂರ, ಪುದೀನ ಸತ್ವ, ಅಮೋನಿಯ ಇವುಗಳ ಆವಿ ಘ್ರಾಣನರವನ್ನಷ್ಟೇ ಅಲ್ಲ, ಮುಖದ ಸ್ಪರ್ಶ, ನೋವು, ತಂಪುಗಳನ್ನು ತಿಳಿಸುವ ಟ್ರೈಜೆಮಿನಲ್ ನರವನ್ನೂ ಕೆರಳಿಸುತ್ತದೆ. ನೋವಿನ ಮುಲಾಮು ಮೂಸಿ "ತಿಳಿಯಿತು" ಎನ್ನುವವರಿಗೆ ತಿಳಿದದ್ದು ವಾಸನೆಯಲ್ಲದೆ ಬರೀ ತಂಪು ಅಥವಾ ಉರಿ ಇರಬಹುದು. ತರಬೇತಿಯ ನಾಲ್ಕು ವಾಸನೆಗಳಲ್ಲಿ ಒಂದಾದ ನೀಲಗಿರಿಗೂ ಈ ಗುಣವಿದೆ. ಹೀಗಾಗಿ ಸುಧಾರಣೆಯನ್ನು ಬರೀ ಮಾತಿನಿಂದ ಅಳೆಯದೆ, ವಾಸನೆ ತುಂಬಿದ ಲೇಖನಿಗಳಂಥ ಪ್ರಮಾಣಿತ ಸಾಧನಗಳಿಂದ ಅಳೆಯಬೇಕು. ಎಷ್ಟು ಕಡಿಮೆ ವಾಸನೆ ತಿಳಿಯುತ್ತದೆ, ಎರಡನ್ನು ಬೇರ್ಪಡಿಸಬಲ್ಲರೆ, ಹೆಸರಿಸಬಲ್ಲರೆ ಎಂಬ ಮೂರನ್ನೂ ಅವು ಪರೀಕ್ಷಿಸುತ್ತವೆ.

ಹಾಗಾದರೆ ಏನು ಮಾಡಬೇಕು?

ಇಷ್ಟೆಲ್ಲ ಟೀಕಿಸಿದ ಮೇಲೆ ಘ್ರಾಣ ತರಬೇತಿಯನ್ನು ಬಿಟ್ಟುಬಿಡಿ ಎಂದು ಹೇಳುತ್ತಿದ್ದೇನೆಯೆ? ಇಲ್ಲ. ಪುರಾವೆ ಎಷ್ಟು ಗಟ್ಟಿಯಾಗಿರಬೇಕು ಎಂಬುದು ಚಿಕಿತ್ಸೆಯ ಬೆಲೆ ಮತ್ತು ಅಪಾಯವನ್ನು ಅವಲಂಬಿಸುತ್ತದೆ. ನಾಲ್ಕು ವಾಸನೆಗಳನ್ನು ದಿನಕ್ಕೆರಡು ಬಾರಿ, ಒಂದೊಂದನ್ನೂ ಹದಿನೈದಿಪ್ಪತ್ತು ಸೆಕೆಂಡು, ಗಮನವಿಟ್ಟು ಮೂಸುವುದರಿಂದ ಹಾನಿ ಇಲ್ಲವೆಂಬಷ್ಟು ಕಡಿಮೆ. ಖರ್ಚೂ ಅಲ್ಪ. ಸಾಧಾರಣ ಪುರಾವೆ ಇದ್ದರೂ ಇಂಥದ್ದನ್ನು ಸೂಚಿಸಬಹುದು. ತಿಂಗಳುಗಟ್ಟಲೆ ಮುಂದುವರಿಸಬೇಕು, ಬೇಗ ಆರಂಭಿಸುವುದು ಲೇಸು, ಫಲ ಖಚಿತವಲ್ಲ ಎಂಬ ಮೂರು ಮಾತುಗಳನ್ನು ಮಾತ್ರ ಜೊತೆಗೆ ಹೇಳಬೇಕು. ಸ್ಟೀರಾಯ್ಡ್ ಮಾತ್ರೆಗೆ ಈ ರಿಯಾಯಿತಿ ಸಲ್ಲದು; ಅಪಾಯ ಹೆಚ್ಚಿದಂತೆ ಪುರಾವೆಯೂ ಗಟ್ಟಿಯಾಗಬೇಕು.

ಸೋಂಕು ಇಳಿದು ಕೆಲವು ವಾರಗಳಾದರೂ ವಾಸನೆ ಮರಳದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಮೂಗಿನ ಗಂಟು, ತಲೆಯ ಪೆಟ್ಟು, ಕೆಲವು ನರರೋಗಗಳೂ ಘ್ರಾಣನಷ್ಟಕ್ಕೆ ಕಾರಣವಾಗಬಲ್ಲವು. ಅಲ್ಲಿಯವರೆಗೆ ಅಡುಗೆ ಅನಿಲದ ನಳಿಕೆ, ರೆಗ್ಯುಲೇಟರುಗಳನ್ನು ಬೇರೆಯವರಿಂದ ಆಗಾಗ ಪರೀಕ್ಷಿಸಿಕೊಳ್ಳಬೇಕು. ಸಾಧ್ಯವಾದರೆ ಅನಿಲ ಸೋರಿಕೆ ತಿಳಿಸುವ ಉಪಕರಣ ಇಟ್ಟುಕೊಳ್ಳಬೇಕು. ಉಳಿದ ಆಹಾರದ ಡಬ್ಬಿಯ ಮೇಲೆ ದಿನಾಂಕ ಬರೆಯಬೇಕು. ಈ ಕ್ರಮಗಳು ಫಲಕಾರಿಯೆಂದು ತಿಳಿಯಲು ಯಾವ ಪ್ರಯೋಗವೂ ಬೇಡ.

ಅಧ್ಯಾಪಕರಲ್ಲಿ ಒಂದು ವಿನಂತಿ. ಮೇಲೆ ಕೊಟ್ಟ 18/70, 11/74, 15/24, 6/31 ಎಂಬ ನಾಲ್ಕು ಭಿನ್ನರಾಶಿಗಳನ್ನು ಕರಿಹಲಗೆಯ ಮೇಲೆ ಬರೆಯಿರಿ. ತರಬೇತಿ ಫಲಕಾರಿಯೆ ಎಂದು ವಿದ್ಯಾರ್ಥಿಗಳನ್ನು ಕೇಳಿ. ಒಂದು ಗುಂಪು ಹೌದೆನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ. "ಯಾರಿಗೆ ಹೋಲಿಸಿ?" ಎಂಬ ಪ್ರಶ್ನೆಯನ್ನು ಅವರಲ್ಲಿ ಯಾರಾದರೂ ತಾವಾಗಿ ಕೇಳುವವರೆಗೆ ಉತ್ತರ ಹೇಳಬೇಡಿ. ಮುಂದೊಂದು ದಿನ ಅವರ ಮನೆಯವರ ಮುಂದೆ ಯಾರಾದರೂ ಹೊಸ ಮದ್ದೊಂದನ್ನು ಇಟ್ಟು "ನೂರಕ್ಕೆ ಅರವತ್ತು ಜನಕ್ಕೆ ಗುಣವಾಗಿದೆ" ಎಂದಾಗ ಆ ಪ್ರಶ್ನೆ ಅವರ ನಾಲಿಗೆಯ ಮೇಲಿರಬೇಕು.